ಭಾಷಣ ಇಲ್ಲದ, ಅತಿಥಿ ಇಲ್ಲದ ಒಂದು ಪಂಚಾಯ್ತಿ ಸಮ್ಮೇಳನ: ಮಾಡೋಣವಾ?

ಬೆಣ್ಣೆದೋಸೆ

ನೇರವಾಗಿ ವಿಷಯಕ್ಕೆ ಬರುತ್ತೇನೆ. ಗ್ರಾಮ ಪಂಚಾಯ್ತಿ ಸದಸ್ಯರು, ವಾರ್ಡ್ ಸಮಿತಿಯವರು, ರೈತ ಸಂಘದವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಕೆರೆ ಉಳಿಸಲು ಓಡಾಡುವವರು, ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹಾಕಿ ಸುಸ್ತಾದವರು. ಇವರೆಲ್ಲ ಎರಡು ದಿನ ದಾವಣಗೆರೆಯಲ್ಲಿ ಸೇರಿದರೆ ಹೇಗೆ? ನೂರು, ನೂರಿಪ್ಪತ್ತು ಜನ ಸಾಕು.

ಮಾಮೂಲಿ ಸಮ್ಮೇಳನ ಬೇಡ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಇಷ್ಟಾಗುವಾಗ ಊಟದ ಹೊತ್ತು. ಆಮೇಲೆ ಸಂವಾದ ಅಂತ ಹತ್ತು ನಿಮಿಷ. ಅದರಲ್ಲೂ ಎದ್ದವರು ಪ್ರಶ್ನೆ ಕೇಳುವುದಿಲ್ಲ, ಇನ್ನೊಂದು ಭಾಷಣ ಮಾಡುತ್ತಾರೆ.

ನನ್ನ ಯೋಚನೆ ಬೇರೆ. ಬೆಳಿಗ್ಗೆ ಗೋಡೆ ಮೇಲೆ ಖಾಲಿ ವೇಳಾಪಟ್ಟಿ ಇರುತ್ತದೆ. ಐದು ಕೋಣೆ, ದಿನಕ್ಕೆ ನಾಲ್ಕು ಅವಧಿ. ಯಾರಿಗೆ ಏನು ಮಾತಾಡಬೇಕೋ ಅವರು ಒಂದು ಚೀಟಿಯಲ್ಲಿ ಬರೆದು, ಒಂದು ನಿಮಿಷ ಎದ್ದು ಹೇಳಿ, ವೇಳಾಪಟ್ಟಿಯ ಖಾಲಿ ಚೌಕದಲ್ಲಿ ಅಂಟಿಸುತ್ತಾರೆ. ಉಳಿದವರು ತಮಗೆ ಬೇಕಾದ ಕೋಣೆಗೆ ಹೋಗುತ್ತಾರೆ. ಅಷ್ಟೇ.

ಪಂಚಾಯ್ತಿ ಚುನಾವಣೆ ಹತ್ತಿರ ಬರುತ್ತಿದೆ. ಅದಕ್ಕೂ ಮೊದಲು ಇದು ಆಗಬೇಕು ಅನ್ನುವುದು ನನ್ನ ಆಸೆ. ಏನಂತೀರಿ?

ಬಾರ್‌ಕ್ಯಾಂಪ್_ಹಳಬ

ಬಹಳ ಒಳ್ಳೆ ಯೋಚನೆ. ಇದು ಹೊಸದೂ ಅಲ್ಲ. ಅಮೆರಿಕದ ಹ್ಯಾರಿಸನ್ ಓವೆನ್ ಎಂಬುವವರು 80ರ ದಶಕದಲ್ಲಿ ಒಂದು ದೊಡ್ಡ ಸಮ್ಮೇಳನ ಮಾಡಿದರು. ಮುಗಿದ ಮೇಲೆ ಎಲ್ಲರೂ ಹೊಗಳಿದ್ದು ಕಾಫಿ ವಿರಾಮವನ್ನು! ಹಾಗಾದರೆ ಕಾಫಿ ವಿರಾಮವನ್ನೇ ಸಮ್ಮೇಳನ ಮಾಡೋಣ ಎಂದುಕೊಂಡು 1985ರಲ್ಲಿ 'ಓಪನ್ ಸ್ಪೇಸ್' ಶುರು ಮಾಡಿದರು. ಟೆಕ್ಕಿಗಳಿಗೆ ಇದು ಬಾರ್‌ಕ್ಯಾಂಪ್ ಹೆಸರಲ್ಲಿ ಗೊತ್ತು. ಮೊದಲನೆಯದು 2005ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಆಯಿತು. ಮರುವರ್ಷವೇ ಬೆಂಗಳೂರಿಗೆ ಬಂತು.

ನಿಯಮ ಬಹಳ ಕಡಿಮೆ. ಯಾರು ಬಂದರೋ ಅವರೇ ಸರಿಯಾದವರು. ಯಾವಾಗ ಶುರುವಾಯಿತೋ ಅದೇ ಸರಿಯಾದ ಹೊತ್ತು. ಮುಗಿದಾಗ ಮುಗಿಯಿತು. ಇವೆಲ್ಲಕ್ಕಿಂತ ಮುಖ್ಯ 'ಎರಡು ಕಾಲಿನ ನಿಯಮ'. ನೀವು ಕೂತ ಕಡೆ ಏನೂ ಕಲಿಯುತ್ತಿಲ್ಲ, ಏನೂ ಕೊಡುತ್ತಲೂ ಇಲ್ಲ ಅನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಅದು ಅವಮಾನ ಅಲ್ಲ. ಬೋರ್ ಹೊಡೆಸುವವರಿಗೆ ಕೋಣೆ ತಾನಾಗಿ ಖಾಲಿಯಾಗುತ್ತದೆ.

ಬಾರ್‌ಕ್ಯಾಂಪ್‌ಗಳಲ್ಲಿ ಇದು ಚೆನ್ನಾಗಿ ನಡೆಯುವುದನ್ನು ನಾನೇ ನೋಡಿದ್ದೇನೆ. ದಯವಿಟ್ಟು ಮಾಡಿ.

ಹಳೇ_ಮಂಡಲ

ನಾನು 1987ರ ಮಂಡಲ ಪಂಚಾಯ್ತಿಯಲ್ಲಿ ಸದಸ್ಯನಾಗಿದ್ದವನು. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯ್ದೆಯಲ್ಲಿ ನಡೆದ ಚುನಾವಣೆ ಅದು. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಹೆಣ್ಣುಮಕ್ಕಳಿಗೆ ಶೇ. 25 ಸೀಟು ಇತ್ತು. ಇಡೀ ದೇಶಕ್ಕೆ ಪಂಚಾಯ್ತಿ ವ್ಯವಸ್ಥೆ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು 1993ರಲ್ಲಿ. ಅಂದರೆ ದೇಶಕ್ಕಿಂತ ಮೊದಲು ನಾವು ಮಾಡಿದ್ದೆವು.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅವತ್ತಿನ ಸಭೆಗಳಲ್ಲಿ ಆ ಶೇ. 25ರವರು ಎಲ್ಲಿ ಕೂರುತ್ತಿದ್ದರು ಅನ್ನುವುದು ನನಗೆ ನೆನಪಿದೆ. ಬಾಗಿಲ ಹತ್ತಿರ. ಮಾತಾಡುತ್ತಿದ್ದವರು ಬೆಂಚಿನ ಮೇಲೆ ಕೂತ ನಾಲ್ಕೈದು ಜನ. ಕಾನೂನಿನಲ್ಲಿ ಎಲ್ಲರೂ ಸಮ. ಸಭೆಯಲ್ಲಿ ಬೆಂಚಿನವರು ಬೆಂಚಿನವರೇ.

ಈಗ ನೀವು ಖಾಲಿ ಗೋಡೆ ಇಡುತ್ತೀರಿ. ಚೀಟಿ, ಪೆನ್ನು ಇಡುತ್ತೀರಿ. ಮೊದಲು ಎದ್ದು ಹೋಗುವವರು ಯಾರು ಹೇಳಿ? ಮೈಕ್ ಕಂಡರೆ ಬಿಡದವರು. ಹತ್ತು ನಿಮಿಷದಲ್ಲಿ ಗೋಡೆ ತುಂಬಿಸಿಬಿಡುತ್ತಾರೆ. ಅಲ್ಲಿಗೆ ಭಾಷಣಕಾರರ ಪಟ್ಟಿ ಅಚ್ಚು ಮಾಡಿಸುವ ಖರ್ಚು ಮಾತ್ರ ಉಳಿಯುತ್ತದೆ.

ಬಾರ್‌ಕ್ಯಾಂಪ್_ಹಳಬ

ಅದಕ್ಕೇ ಎರಡು ಕಾಲಿನ ನಿಯಮ ಇರುವುದು ಸಾರ್. ಕೇಳುವವರು ಎದ್ದು ಹೋಗುತ್ತಾರೆ.

ಅಧ್ಯಕ್ಷೆ_ನಾನೇ

ಹೆಸರು ನೋಡಿ ನಗಬೇಡಿ. ಫೋನ್ ಮಾಡಿದವರೆಲ್ಲ "ಅಧ್ಯಕ್ಷರಿಗೆ ಕೊಡಿ" ಅನ್ನುತ್ತಾರೆ. ಅಧ್ಯಕ್ಷೆ ನಾನೇ ಅಂದರೆ "ಯಜಮಾನರಿಗೆ ಕೊಡಿ" ಅನ್ನುತ್ತಾರೆ. ಹಾಗಾಗಿ ಇಟ್ಟುಕೊಂಡೆ.

@ಬಾರ್‌ಕ್ಯಾಂಪ್_ಹಳಬ, ನಿಮ್ಮ ಎರಡು ಕಾಲಿನ ನಿಯಮ ಬೆಂಗಳೂರಲ್ಲಿ ನಡೆಯುತ್ತದೆ. ಅಲ್ಲಿ ಯಾರಿಗೂ ಯಾರೂ ನೆಂಟರಲ್ಲ, ಸಾಲ ಕೊಟ್ಟವರಲ್ಲ, ಜಮೀನಿನ ಪಕ್ಕದವರಲ್ಲ. ನಮ್ಮ ಪಂಚಾಯ್ತಿಯ ಒಬ್ಬ ದಲಿತ ಸದಸ್ಯೆ ಬಂದಿದ್ದಾಳೆ ಅಂತಿಟ್ಟುಕೊಳ್ಳಿ. ಅದೇ ಕೋಣೆಯಲ್ಲಿ ಅವಳ ಊರಿನ ದೊಡ್ಡ ಮನುಷ್ಯ ಮಾತಾಡುತ್ತಿದ್ದಾನೆ. ಅವಳು ಅರ್ಧಕ್ಕೆ ಎದ್ದು ಹೋಗುತ್ತಾಳಾ? ಹೋದರೆ ಊರಿಗೆ ವಾಪಸು ಬಂದ ಮೇಲೆ ಏನಾಗುತ್ತದೆ? ಅವಳ ಬೀದಿಗೆ ನೀರು ಬಿಡುವ ವಾಟರ್‌ಮನ್ ಯಾರ ಮಾತು ಕೇಳುತ್ತಾನೆ ಅನ್ನುವುದು ಅವಳಿಗೆ ಗೊತ್ತು.

ಎದ್ದು ಹೋಗುವ ಸ್ವಾತಂತ್ರ್ಯ ಎಲ್ಲರ ಕಾಲಿಗೂ ಒಂದೇ ತರ ಇರುವುದಿಲ್ಲ.

ಹಾಗಂತ ಮಾಡಬೇಡಿ ಅನ್ನುತ್ತಿಲ್ಲ. ಮಾಡಿ. ನಮಗೆ ಇಂಥದ್ದು ಬೇಕೇ ಬೇಕು. ನಮಗೆ ಸಿಗುವುದು ತರಬೇತಿ ಮಾತ್ರ. ತರಬೇತಿಯಲ್ಲಿ ಅವರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಬೇರೆ ತಾಲ್ಲೂಕಿನ ಅಧ್ಯಕ್ಷೆ ಜತೆ ಕೂತು "ನಿಮ್ಮಲ್ಲಿ ಬಿಲ್‌ಗೆ ಸಹಿ ಹಾಕಿಸುವಾಗ ಹೇಗೆ ಮಾಡುತ್ತಾರೆ" ಅಂತ ಕೇಳಲು ಊಟದ ಸಾಲಿನಲ್ಲಿ ಮಾತ್ರ ಸಿಗುತ್ತದೆ. ಅಮೆರಿಕದವರು ಹೇಳಿದ್ದು ಸರಿ ಇದೆ.

ನಾನು ಕೇಳುವುದು ಮೂರೇ. ಒಂದು, ಮೊದಲ ಅವಧಿಯ ಚೀಟಿ ಅಂಟಿಸುವುದು ಹೆಣ್ಣುಮಕ್ಕಳು ಮಾತ್ರ. ಗಂಡಸರು ಎರಡನೇ ಅವಧಿಯಿಂದ. ಎರಡು, ಗಂಡ, ಮೈದುನ, ಮಗ ಜತೆಗೆ ಬಂದರೆ ಅವರಿಗೆ ಬೇರೆ ಕೋಣೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಕೊಟ್ಟರೂ ಆಗುತ್ತದೆ! ಮೂರು, ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇರಲಿ. ಇದು ಇಲ್ಲದಿದ್ದರೆ ಮೂವತ್ತು ವಯಸ್ಸಿನ ಒಳಗಿನ ಒಬ್ಬ ಸದಸ್ಯೆಯೂ ಬರುವುದಿಲ್ಲ, ಬರೆದಿಟ್ಟುಕೊಳ್ಳಿ.

ಹಳೇ_ಮಂಡಲ

ಇದು ಮಾತು.

ಬಾರ್‌ಕ್ಯಾಂಪ್_ಹಳಬ

ಊರಿನ ಸಂಬಂಧ ಕೋಣೆಯೊಳಗೂ ಬರುತ್ತದೆ ಅನ್ನುವುದು ಸರಿಯಾದ ಆಕ್ಷೇಪ. ಹಾಗಾದರೆ ಇನ್ನೊಂದು ಸೇರಿಸಿ. ಒಂದೇ ಪಂಚಾಯ್ತಿಯವರು ಒಂದು ಕೋಣೆಯಲ್ಲಿ ಇಬ್ಬರಿಗಿಂತ ಜಾಸ್ತಿ ಇರಬಾರದು. ನೋಂದಣಿ ಮಾಡುವಾಗಲೇ ಪಂಚಾಯ್ತಿಗೆ ಇಬ್ಬರು ಅಂತ ಮಿತಿ ಹಾಕಿದರೆ ಇನ್ನೂ ಸುಲಭ. ಅದರಲ್ಲಿ ಒಬ್ಬರು ಹೆಣ್ಣು.

ಜೋಳದ_ರೊಟ್ಟಿ

ಕೊಪ್ಪಳದಿಂದ. ಎಲ್ಲ ಸರಿ, ದಾವಣಗೆರೆ ಯಾಕೆ? ಬೆಂಗಳೂರಿಗೂ ಹುಬ್ಬಳ್ಳಿಗೂ ನಡುವೆ ರೈಲು ಇದೆ ಅಂತಲಾ? ಬೀದರಿನವರು ನಿಮ್ಮ ಲೆಕ್ಕದಲ್ಲಿ ಎಲ್ಲಿದ್ದಾರೆ? ಔರಾದಿನಿಂದ ಒಬ್ಬ ಸದಸ್ಯೆ ದಾವಣಗೆರೆಗೆ ಬರಬೇಕೆಂದರೆ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಎರಡು ದಿನದ ಸಮ್ಮೇಳನ ಅವಳಿಗೆ ನಾಲ್ಕು ದಿನ. ನಾಲ್ಕು ದಿನದ ಕೂಲಿ ಯಾರು ಕೊಡುತ್ತಾರೆ?

ಇನ್ನು ದಿನಾಂಕ. ಎಳ್ಳ ಅಮಾವಾಸ್ಯೆ ಹಿಂದುಮುಂದೆ ಇಟ್ಟರೆ ನಮ್ಮ ಕಡೆಯಿಂದ ಒಂದು ನರಪಿಳ್ಳೆಯೂ ಬರುವುದಿಲ್ಲ. ಅವತ್ತು ಎಲ್ಲರೂ ಹೊಲದಲ್ಲಿ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲುತ್ತಿರುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಫೆಬ್ರವರಿಯಲ್ಲಿ ಜೋಳ, ಕಡಲೆ ಕೊಯ್ಲು. ಮಲೆನಾಡಿನವರಿಗೆ ಡಿಸೆಂಬರ್ ಅಂದರೆ ಅಡಿಕೆ, ಕಾಫಿ ಕೊಯ್ಲು. ಕ್ಯಾಲೆಂಡರ್ ನೋಡಿ ಶನಿವಾರ ಭಾನುವಾರ ಆರಿಸಬೇಡಿ. ಅದು ಸಂಬಳದವರ ಲೆಕ್ಕ.

ಬೆಣ್ಣೆದೋಸೆ

ದಿನಾಂಕದ ಬಗ್ಗೆ ಒಪ್ಪಿದೆ. ಎಲ್ಲರಿಗೂ ಸರಿ ಹೊಂದುವ ದಿನ ಇಲ್ಲವೇ ಇಲ್ಲ ಅನಿಸುತ್ತದೆ. ಜನವರಿ ಕೊನೆ ವಾರದ ಮಂಗಳವಾರ, ಬುಧವಾರ?

ಜಾಗಕ್ಕೆ ಇನ್ನೊಂದು ಲೆಕ್ಕವೂ ಇದೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹಾಗಾಗಿ ಸರ್ಕಾರಿ ಬಸ್ ಜಾಸ್ತಿ ಇರುವ ಊರು ಆರಿಸಿದರೆ ಅರ್ಧ ಜನರ ಪ್ರಯಾಣದ ಖರ್ಚು ಉಳಿಯುತ್ತದೆ. ಉಳಿದ ಹಣವನ್ನು ಕೂಲಿ ಭರ್ತಿಗೆ ಹಾಕಬಹುದು. ದಾವಣಗೆರೆಗೆ ಎಲ್ಲ ಕಡೆಯಿಂದ ಬಸ್ ಇದೆ.

ಜೋಳದ_ರೊಟ್ಟಿ

ಬಸ್ ಇದೆ, ದಾರಿಯೂ ಉದ್ದ ಇದೆ. ನನ್ನ ಮಾತು ಕೇಳಿ. ದೊಡ್ಡದು ದಾವಣಗೆರೆಯಲ್ಲಿ ಮಾಡಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ಕೊಪ್ಪಳದಲ್ಲಿ ಒಂದೇ ದಿನದ ಚಿಕ್ಕದು ಆಗಲಿ. ನಲವತ್ತು ಜನ. ಒಂದು ಶಾಲೆ, ಮೂರು ಕೋಣೆ. ನಿಮ್ಮ ಗೋಡೆ, ಚೀಟಿ ಎಲ್ಲ ನಡೆಯುತ್ತದಾ ಇಲ್ಲವಾ ಅಲ್ಲೇ ಗೊತ್ತಾಗುತ್ತದೆ.

ಫಾರಂ_ಹನ್ನೊಂದು_ಬಿ

ನಾನು ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಯಾವ ಜಿಲ್ಲೆ ಕೇಳಬೇಡಿ.

ಇಲ್ಲಿ ಎಲ್ಲರೂ ಗ್ರಾಮ ಸಭೆ ಸರಿಯಿಲ್ಲ ಅಂತ ಮಾತಾಡುತ್ತೀರಿ. ಒಳಗಿನವನಾಗಿ ಸ್ವಲ್ಪ ಹೇಳುತ್ತೇನೆ. ಕಾಯ್ದೆ ಪ್ರಕಾರ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಆಗಬೇಕು. ಮಹಿಳಾ ಗ್ರಾಮ ಸಭೆ, ಮಕ್ಕಳ ಗ್ರಾಮ ಸಭೆ ಬೇರೆ. ಕಾಗದದ ಮೇಲೆ ನಮ್ಮಷ್ಟು ಸಭೆ ಮಾಡುವವರು ಯಾರೂ ಇಲ್ಲ.

ನಡೆಯುವುದು ಹೀಗೆ. ಅಜೆಂಡಾ ಮೇಲಿನಿಂದ ಬರುತ್ತದೆ. ಫಲಾನುಭವಿ ಆಯ್ಕೆ, ಕ್ರಿಯಾ ಯೋಜನೆ, ಸಾಮಾಜಿಕ ಪರಿಶೋಧನೆ. ಜನ ಬರುವುದು ಮನೆ ಪಟ್ಟಿಗೆ. ತಮ್ಮ ಹೆಸರು ಓದಿದ ತಕ್ಷಣ ಎದ್ದು ಹೋಗುತ್ತಾರೆ. ಎರಡು ಕಾಲಿನ ನಿಯಮ ನಮ್ಮಲ್ಲಿ ಮೊದಲಿನಿಂದ ಇದೆ! ಕೋರಂ ತುಂಬಲಿಲ್ಲ ಅಂದರೆ ಕೆಲವು ಕಡೆ ಸಹಿ ಪುಸ್ತಕ ಮನೆ ಮನೆಗೆ ಹೋಗುತ್ತದೆ. ಯಾಕೆ ಹೋಗುತ್ತದೆ? ಸಭೆ ಆಗಲಿಲ್ಲ ಅಂತ ಬರೆದರೆ ಪೋರ್ಟಲ್‌ನಲ್ಲಿ ಯೋಜನೆ ಅಪ್‌ಲೋಡ್ ಆಗುವುದಿಲ್ಲ. ಯೋಜನೆ ಅಪ್‌ಲೋಡ್ ಆಗದೆ ಹಣ ಬರುವುದಿಲ್ಲ.

ಹಣದ ಮೇಲೂ ಬೇಲಿ ಇದೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿಹಾಕಿದ್ದಾರೆ. ಉಳಿದ ಶೇ. 40ರಲ್ಲಿ ಊರಿನವರು ಏನು ಬೇಕಾದರೂ ಕೇಳಬಹುದು. ಕೇಳುತ್ತಾರೆ ಕೂಡ. ಎಲ್ಲರೂ ಕೇಳುವುದು ಸಿಸಿ ರಸ್ತೆ, ಚರಂಡಿ.

ಆದ್ದರಿಂದ ನಿಮ್ಮ ಸಮ್ಮೇಳನದಲ್ಲಿ "ಪ್ರಜಾಪ್ರಭುತ್ವ ಎಂದರೇನು" ಅಂತ ಚೀಟಿ ಬಂದರೆ ನಾನು ಬರುವುದಿಲ್ಲ. "ಒಂದು ಬಿಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ" ಅಂತ ಬಂದರೆ ಖಂಡಿತ ಬರುತ್ತೇನೆ. ಆದರೆ ಫೋಟೋ ತೆಗೆಯಬಾರದು. ನಾವು ಸರ್ಕಾರಿ ನೌಕರರು. ನಡತೆ ನಿಯಮ ಇದೆ. ರಾಜಕೀಯ ಅಂತ ಬ್ಯಾನರ್ ಇರುವ ಕಡೆ ನಮ್ಮ ಮುಖ ಕಂಡರೆ ಮರುದಿನ ನೋಟಿಸ್.

ಅಧ್ಯಕ್ಷೆ_ನಾನೇ

@ಫಾರಂ_ಹನ್ನೊಂದು_ಬಿ, ನಿಮ್ಮಂಥ ಒಬ್ಬ ಪಿಡಿಒ ಒಂದು ಗಂಟೆ ಕೂತು ಬಿಲ್ ಬಿಡಿಸಿ ಹೇಳಿದರೆ ಸಾಕು, ನನಗೆ ಬಸ್ ಪ್ರಯಾಣ ಸಾರ್ಥಕ. ಸ್ಥಾಯಿ ಸಮಿತಿ ಮೂರಿವೆ ಅಂತ ನನಗೆ ಗೊತ್ತಾಗಿದ್ದೇ ಅಧ್ಯಕ್ಷೆಯಾಗಿ ಬಹಳ ದಿನ ಆದ ಮೇಲೆ. ಉತ್ಪಾದನಾ, ಸಾಮಾಜಿಕ ನ್ಯಾಯ, ಸೌಕರ್ಯ. ಅವು ಎಂದೂ ಸೇರಿದ್ದು ನಾನು ನೋಡಿರಲಿಲ್ಲ, ನಡಾವಳಿಯಲ್ಲಿ ಮಾತ್ರ ಸೇರಿದ್ದವು.

ಹಸಿರು_ಶಾಲು

ಎಲ್ಲರೂ ಪಂಚಾಯ್ತಿ ಒಳಗಿನ ರಾಜಕೀಯದ ಬಗ್ಗೆ ಮಾತಾಡುತ್ತಿದ್ದೀರಿ. ಹೊರಗಿನದೂ ತಳಮಟ್ಟದ ರಾಜಕೀಯವೇ. 1980ರಲ್ಲಿ ನರಗುಂದ, ನವಲಗುಂದದ ರೈತ ಬಂಡಾಯ. ಆಮೇಲೆ ರೈತ ಸಂಘ ಊರ ಬಾಗಿಲಿಗೆ ಬೋರ್ಡ್ ಹಾಕಿತು. ಸರ್ಕಾರಿ ಅಧಿಕಾರಿಗಳು ಅನುಮತಿ ಇಲ್ಲದೆ ಒಳಗೆ ಬರಬಾರದು ಅಂತ. ಅದಕ್ಕಿಂತ ದೊಡ್ಡ ಗ್ರಾಮ ಸಭೆ ಯಾವುದಿದೆ? ಮೊನ್ನೆ ಮೊನ್ನೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ನೋಡಿ. 13 ಹಳ್ಳಿ, 1,777 ಎಕರೆ. 2022ರಿಂದ ಹಿಡಿದ ಪಟ್ಟು 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಡುವವರೆಗೆ ಬಿಡಲಿಲ್ಲ.

ಅಷ್ಟು ದಿನ ಅಷ್ಟು ಊರಿನವರು ಒಟ್ಟಿಗೆ ನಿಲ್ಲುವುದು ಹೇಗೆ? ಕೆಲವರು ಮಾರಲು ಸಿದ್ಧ, ಕೆಲವರು ಇಲ್ಲ, ಅಣ್ಣ ತಮ್ಮಂದಿರಲ್ಲೇ ಒಡಕು. ಅದನ್ನು ಹೇಗೆ ತೂಗಿಸಬೇಕು? ಇದರ ಬಗ್ಗೆ ಒಂದು ಅವಧಿ ಬೇಕು. ಚೀಟಿ ನಾನೇ ಬರೆಯುತ್ತೇನೆ. ಭಾಷಣ ಮಾಡುವುದಿಲ್ಲ, ಮಾತು ಕೊಡುತ್ತೇನೆ.

ಒಂದು ಪ್ರಶ್ನೆ. ಶಾಲು ಹಾಕಿಕೊಂಡು ಬರಬಹುದಾ?

ಬೆಣ್ಣೆದೋಸೆ

ಇದು ಬರುತ್ತದೆ ಅಂತ ಗೊತ್ತಿತ್ತು. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ಆದರೆ ಯಾರ ಹಿಂದೆ ಯಾವ ಪಕ್ಷ ಅಂತ ಊರಿನ ಮಕ್ಕಳಿಗೂ ಗೊತ್ತು. ಹಾಗಾಗಿ ಪಕ್ಷದವರು ಬರಬಾರದು ಅಂತ ಹಾಕಿದರೆ ಯಾರೂ ಉಳಿಯುವುದಿಲ್ಲ. ನನ್ನ ಸಲಹೆ: ಎಲ್ಲರೂ ಬರಲಿ. ಪಕ್ಷದ ಬಾವುಟ, ಶಾಲು, ಟೋಪಿ ಬೇಡ. ಶಾಸಕರು, ಸಂಸದರು ಬರುವುದಾದರೆ ಚೀಟಿ ಬರೆದು ಸಾಲಿನಲ್ಲಿ ನಿಲ್ಲಲಿ.

ಹಸಿರು ಶಾಲು ಪಕ್ಷದ್ದಲ್ಲ ಅಂತ ನೀವು ಹೇಳುತ್ತೀರಿ. ನೀಲಿ ಶಾಲಿನವರೂ ಹಾಗೇ ಹೇಳುತ್ತಾರೆ, ಅದೂ ನಿಜ. ಆಮೇಲೆ ಕೇಸರಿಯವರು ಅದೇ ಮಾತು ಹೇಳುತ್ತಾರೆ. ಎಲ್ಲಿ ಗೆರೆ ಎಳೆಯಲಿ?

ಹಸಿರು_ಶಾಲು

ಬಿಸಿಲಿಗೆ ತಲೆ ಮೇಲೆ ಹಾಕಿಕೊಳ್ಳುವ ಬಟ್ಟೆ ಅದು. ಆದರೂ ಸರಿ. ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಮನಸ್ಸಿಗೆ ಒಪ್ಪಿಗೆ ಇಲ್ಲ ಅಂತ ದಾಖಲಾಗಲಿ.

ಕೌನ್ಸಿಲರ್_ಇಲ್ಲದ_ವಾರ್ಡ್

ಬೆಂಗಳೂರಿನಿಂದ. ನೀವು ಹಳ್ಳಿಯವರು ಗ್ರಾಮ ಸಭೆ ಸರಿಯಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೀರಿ. ನಮಗೆ ಜಗಳವಾಡಲು ಒಬ್ಬ ಸದಸ್ಯನೇ ಇಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಈಗ ಬಿಬಿಎಂಪಿಯೇ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ. ಗುಂಡಿ ಮುಚ್ಚಿಸಲು ಆ್ಯಪ್‌ನಲ್ಲಿ ದೂರು ಕೊಡುತ್ತೇವೆ. ಅದು 'ಪರಿಹರಿಸಲಾಗಿದೆ' ಅಂತ ಬರುತ್ತದೆ. ಗುಂಡಿ ಅಲ್ಲೇ ಇರುತ್ತದೆ.

ವಾರ್ಡ್ ಸಮಿತಿ ಸಭೆ ತಿಂಗಳ ಮೊದಲ ಶನಿವಾರ ಅಂತಿತ್ತು. ಕೆಲವು ವಾರ್ಡ್‌ಗಳಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಅದರಲ್ಲಿ ಕೂತ ಅನುಭವ ನಮ್ಮ ಹತ್ತಿರ ಇದೆ. ಹಳ್ಳಿಯವರ ಹತ್ತಿರ ಇರುವುದು ನಮಗೆ ಬೇಕು. ನಗರದವರಿಗೆ ಜಾಗ ಇದೆಯಾ?

ಜೋಳದ_ರೊಟ್ಟಿ

ಇದೆ. ಆದರೆ ಬೆಂಗಳೂರಿನವರು ಇಪ್ಪತ್ತಕ್ಕಿಂತ ಜಾಸ್ತಿ ಬರಬೇಡಿ. ನೀವು ನೋಂದಣಿ ಲಿಂಕ್ ಬಂದ ಐದು ನಿಮಿಷದಲ್ಲಿ ತುಂಬಿಸುತ್ತೀರಿ. ನಮ್ಮವರಿಗೆ ಲಿಂಕ್ ತಲುಪುವಾಗ 'ನೋಂದಣಿ ಮುಕ್ತಾಯ' ಅಂತ ಇರುತ್ತದೆ.

ಮತ್ತೆ ನಮ್ಮ ಕಡೆಯೂ ಅದೇ ಕಥೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ ಚುನಾವಣೆ ಆಗಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಬರೀ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟ್. ಮೂರು ಹಂತದ ಏಣಿಯಲ್ಲಿ ಮೇಲಿನ ಎರಡು ಮೆಟ್ಟಿಲು ಇಲ್ಲ.

ಹಳೇ_ಮಂಡಲ

ನಮ್ಮ ಅವಧಿ ಮುಗಿದ ಮೇಲೂ ಹಾಗೇ ಆಯಿತು. ಚುನಾವಣೆ ಬದಲು ಆಡಳಿತಾಧಿಕಾರಿ ಬಂದರು. ಯಾವ ಪಕ್ಷದ ಸರ್ಕಾರವೇ ಇರಲಿ, ಕೆಳಗಿನ ಚುನಾವಣೆ ಮುಂದೂಡುವುದರಲ್ಲಿ ಎಲ್ಲರೂ ಒಂದೇ. ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಲೀಡರ್ ಬೆಳೆಯುವುದು ಬೇಕಿಲ್ಲ. ಇಷ್ಟೇ ಕಾರಣ. ಉಳಿದದ್ದೆಲ್ಲ ನೆಪ.

ರೈನ್_ತೀರ

ಜರ್ಮನಿಯಿಂದ. ಊರು ಹಾಸನ ಜಿಲ್ಲೆ. ಇಲ್ಲಿನ ಕನ್ನಡಿಗರು ಸೇರಿ ಸ್ವಲ್ಪ ಹಣ ಕಳಿಸಬೇಕು ಅಂದುಕೊಂಡಿದ್ದೇವೆ. ಪ್ರಯಾಣದ ಖರ್ಚು, ಮಕ್ಕಳನ್ನು ನೋಡಿಕೊಳ್ಳುವ ಖರ್ಚು ನಾವು ಹಾಕಬಹುದಾ?

ಕೌನ್ಸಿಲರ್_ಇಲ್ಲದ_ವಾರ್ಡ್

ನಿಲ್ಲಿ ನಿಲ್ಲಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010 ಅಂತ ಒಂದಿದೆ. ನೀವು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ರಾಜಕೀಯ ಸ್ವರೂಪದ ಸಂಘಟನೆಗಳು ಅದನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ನಾಲ್ಕು ಜನರ ಹಣ ಒಟ್ಟು ಮಾಡಿ ಕಳಿಸಿದರೆ ಅದರಲ್ಲಿ ಯಾರದು ಯಾವ ಪಾಸ್‌ಪೋರ್ಟ್ ಅಂತ ನಾವು ಎಲ್ಲಿ ಹುಡುಕೋಣ?

ಮೇಲಾಗಿ "ಫಾರಿನ್ ದುಡ್ಡಿನ ಸಮ್ಮೇಳನ" ಅಂತ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಸಾಕು. ಬಂದ ಸದಸ್ಯೆಯರು ಊರಲ್ಲಿ ಉತ್ತರ ಕೊಡಬೇಕಾಗುತ್ತದೆ. ಹಣ ಬೇಡ. ಕೆಲಸ ಬೇಕಿದ್ದರೆ ಕೊಡುತ್ತೇವೆ.

ರೈನ್_ತೀರ

ಅರ್ಥ ಆಯಿತು. ಕೆಲಸ ಹೇಳಿ. ಧ್ವನಿ ಮುದ್ರಣ ಕೇಳಿ ಬರೆದುಕೊಡುವುದು ನನಗೆ ಬರುತ್ತದೆ.

ಬೆಣ್ಣೆದೋಸೆ

ಬಹಳ ಒಳ್ಳೆಯದು, ಅದೇ ದೊಡ್ಡ ಕೆಲಸ. ಹಣದ ವಿಷಯ ಹೀಗೆ ಮಾಡೋಣ. ಪ್ರಾಯೋಜಕರು ಇಲ್ಲ. ಬರುವವರಲ್ಲಿ ಆಗುವವರು ಊಟದ ತಟ್ಟೆ ಹಣ ಕೊಡಲಿ. ಅಕ್ಕಿ, ಬೇಳೆ, ತರಕಾರಿ ರೂಪದಲ್ಲಿ ಕೊಟ್ಟರೂ ಸರಿ. ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಅದೇ ಗೋಡೆ ಮೇಲೆ ದಿನಾ ಸಂಜೆ ಬರೆದು ಹಾಕುತ್ತೇವೆ. ಪಂಚಾಯ್ತಿಯಿಂದ ಲೆಕ್ಕ ಕೇಳುವವರು ಮೊದಲು ನಮ್ಮ ಲೆಕ್ಕ ತೋರಿಸಬೇಕಲ್ವಾ.

ಕಡಲ_ಕರೆ

ಉಡುಪಿ ಕಡೆಯಿಂದ. ಊಟದ ಮಾತು ಬಂತಲ್ಲ. ಮೀನು ಇದೆಯಾ?

ಹಳೇ_ಮಂಡಲ

ಮಂಡ್ಯ ಸಾಹಿತ್ಯ ಸಮ್ಮೇಳನದ ಬಾಡೂಟದ ಗಲಾಟೆ ಇನ್ನೂ ಹಸಿಯಾಗಿದೆ. ಮತ್ತೆ ಶುರು ಮಾಡಬೇಡಿ ಮಾರಾಯ್ರೆ.

ಅಧ್ಯಕ್ಷೆ_ನಾನೇ

ಯಾಕೆ ಮಾಡಬಾರದು? ಯಾರು ಅಡುಗೆ ಮಾಡುತ್ತಾರೆ, ಯಾರ ಪಕ್ಕ ಯಾರು ಕೂತು ತಿನ್ನುತ್ತಾರೆ ಅನ್ನುವುದು ತಳಮಟ್ಟದ ರಾಜಕೀಯ ಅಲ್ಲವಾ? ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಬಿಸಿಯೂಟ ಯಾರು ಮಾಡಬೇಕು ಅಂತ ಎಷ್ಟು ಜಗಳ ಆಗಿದೆ ಗೊತ್ತಾ? ಎರಡೂ ಇರಲಿ. ಒಂದೇ ಸಾಲು, ಒಂದೇ ಪಂಕ್ತಿ. ಬೇಡದವರು ಬಡಿಸಿಕೊಳ್ಳುವುದು ಬೇಡ. ಅಡುಗೆ ಸ್ವಸಹಾಯ ಸಂಘದವರಿಗೆ ಕೊಡಿ, ಸರಿಯಾದ ಹಣ ಕೊಡಿ.

ಕಡಲ_ಕರೆ

ನಾನು ತಮಾಷೆಗೆ ಕೇಳಿದ್ದು. ಈಗ ನಿಜವಾಗಿ ಬೇಕು ಅನಿಸುತ್ತಿದೆ. ಇನ್ನೊಂದು ವಿಷಯ. ನಮ್ಮ ಕಡೆಯಿಂದ ಬರುವವರಲ್ಲಿ ಕೆಲವರಿಗೆ ತುಳು ಸಲೀಸು, ಕನ್ನಡದಲ್ಲಿ ಚೀಟಿ ಬರೆಯುವುದು ಕಷ್ಟ. ಬಳ್ಳಾರಿ ಕಡೆ ತೆಲುಗು, ತಾಂಡಾದವರಿಗೆ ಲಂಬಾಣಿ, ಎಷ್ಟೋ ಊರಲ್ಲಿ ಉರ್ದು. ಬರೆಯುವವರು ಮಾತ್ರ ವಿಷಯ ಹಾಕಬಹುದು ಅಂತ ಆಗಬಾರದು. ಗೋಡೆ ಪಕ್ಕ ನಾಲ್ಕು ಜನ ಕೂರಲಿ. ಬಂದವರು ಬಾಯಲ್ಲಿ ಹೇಳಲಿ, ಇವರು ಬರೆದು ಓದಿ ತೋರಿಸಿ ಅಂಟಿಸಲಿ.

ಬಾರ್‌ಕ್ಯಾಂಪ್_ಹಳಬ

ಇದು ನನಗೆ ಹೊಳೆದೇ ಇರಲಿಲ್ಲ. ಹಿಂದಿನ ರಾತ್ರಿಯೇ ಬಂದವರ ಜತೆ ಈ ನಾಲ್ಕು ಜನ ಕೂತು ಮಾತಾಡಿದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ನೂರು ಜನರ ಮುಂದೆ ಎದ್ದು ಹೇಳುವುದಕ್ಕಿಂತ ರಾತ್ರಿ ಚಹಾ ಕುಡಿಯುತ್ತಾ ಹೇಳುವುದು ಸುಲಭ. ಗೋಡೆಯ ಅರ್ಧ ಹೀಗೆ ತುಂಬಲಿ. ಇನ್ನರ್ಧ ಬೆಳಿಗ್ಗೆಗೆ.

ಕೌನ್ಸಿಲರ್_ಇಲ್ಲದ_ವಾರ್ಡ್

ಕೊನೆಗೆ ಏನು? ಎರಡು ದಿನ ಮಾತಾಡಿ ಮನೆಗೆ ಹೋಗುವುದಾ? ಒಂದು ಘೋಷಣೆ, ಹತ್ತು ಬೇಡಿಕೆ, ಮುಖ್ಯಮಂತ್ರಿಗಳಿಗೆ ಮನವಿ, ಇಂಥದ್ದೇನಾದರೂ ಬೇಡವಾ?

ಹಳೇ_ಮಂಡಲ

ಬೇಡ. ಖಂಡಿತ ಬೇಡ. ಘೋಷಣೆ ಬರೆಯುತ್ತೇವೆ ಅಂದ ಕೂಡಲೇ ಎರಡನೇ ದಿನ ಪೂರ್ತಿ ಯಾರು ಬರೆಯಬೇಕು ಅನ್ನುವ ಜಗಳಕ್ಕೆ ಹೋಗುತ್ತದೆ. ಬರೆಯುವವರು ಮತ್ತೆ ಅದೇ ಬೆಂಚಿನವರು.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಮೇಂಢಾ ಲೇಖಾ ಅಂತ ಗೊಂಡ ಆದಿವಾಸಿಗಳ ಊರು ಇದೆ. "ದಿಲ್ಲಿ ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮ ಊರಲ್ಲಿ ನಾವೇ ಸರ್ಕಾರ" ಅನ್ನುವವರು. ತಮ್ಮ ಕಾಡಿನ ಸಾಮೂಹಿಕ ಹಕ್ಕುಪತ್ರವನ್ನು 2009ರಲ್ಲಿ ಪಡೆದರು. ಅವರ ಗ್ರಾಮ ಸಭೆಯಲ್ಲಿ ಎಲ್ಲರೂ ಒಪ್ಪದೆ ತೀರ್ಮಾನ ಇಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದಾರೆ. ಗ್ರಾಮ ಸಭೆ ಬೇರೆ, 'ಅಭ್ಯಾಸ ಗಟ' ಬೇರೆ. ಅಭ್ಯಾಸ ಗಟದಲ್ಲಿ ಯಾರು ಬೇಕಾದರೂ ಬರಬಹುದು, ಹೊರಗಿನವರೂ ಬರಬಹುದು. ಕೂತು ಓದುತ್ತಾರೆ, ಕೇಳುತ್ತಾರೆ, ವಾದ ಮಾಡುತ್ತಾರೆ. ಅಲ್ಲಿ ತೀರ್ಮಾನ ಮಾಡುವುದಿಲ್ಲ. ತೀರ್ಮಾನ ಊರಿನ ಸಭೆಯಲ್ಲೇ.

ನಮ್ಮದೂ ಹಾಗೇ ಇರಲಿ. ಯಾರೂ ಆರಿಸಿ ಕಳಿಸದ ನೂರಿಪ್ಪತ್ತು ಜನ ಯಾರ ಪರವಾಗಿ ತೀರ್ಮಾನ ಮಾಡುತ್ತಾರೆ? ಕಲಿತದ್ದನ್ನು ತಮ್ಮ ಊರಿಗೆ ತೆಗೆದುಕೊಂಡು ಹೋಗಲಿ. ಅಲ್ಲಿ ಸಭೆ ಇದೆಯಲ್ಲ.

ಫಾರಂ_ಹನ್ನೊಂದು_ಬಿ

ಒಪ್ಪುತ್ತೇನೆ. ಆದರೆ ಬರಿಗೈಲಿ ಹೋಗುವುದೂ ಬೇಡ. ಒಂದು ಅವಧಿ ಹೀಗೆ ಮಾಡಬಹುದು. ಪ್ರತಿಯೊಬ್ಬರೂ ತಮ್ಮ ಪಂಚಾಯ್ತಿಯ ಒಂದು ಕಾಮಗಾರಿಯ ಕಾಗದ ತರಲಿ. ಅಂದಾಜು ಪಟ್ಟಿ, ಬಿಲ್, ನರೇಗಾ ಆದರೆ ಹಾಜರಾತಿ ಪಟ್ಟಿ. ಅದನ್ನು ಗಟ್ಟಿಯಾಗಿ ಓದುವುದು. ರಾಜಸ್ಥಾನದಲ್ಲಿ 1994ರಿಂದ ಜನಸುನವಾಯಿಗಳಲ್ಲಿ, ಅಂದರೆ ಊರವರ ಮುಂದೆ ನಡೆಯುವ ಬಹಿರಂಗ ವಿಚಾರಣೆಗಳಲ್ಲಿ, ಮಾಡಿದ್ದು ಇದನ್ನೇ. ಸತ್ತವರ ಹೆಸರು, ಊರಲ್ಲೇ ಇಲ್ಲದವರ ಹೆಸರು ಹಾಜರಾತಿಯಲ್ಲಿ ಓದಿದಾಗ ಜನಕ್ಕೆ ಎಲ್ಲ ಗೊತ್ತಾಯಿತು. ಮಾಹಿತಿ ಹಕ್ಕಿನ ಕಾಯ್ದೆ ಬೆಳೆದದ್ದು ಅಲ್ಲಿಂದ.

ಬೇರೆ ತಾಲ್ಲೂಕಿನವರ ಮುಂದೆ ಓದಿದರೆ ಭಯ ಕಡಿಮೆ. ಓದಲು ಕಲಿತ ಮೇಲೆ ಊರಲ್ಲಿ ಓದಬಹುದು. ಊರಿನ, ಗುತ್ತಿಗೆದಾರರ ಹೆಸರು ಮುಚ್ಚಿ ತನ್ನಿ. ನನಗೂ ಕುಟುಂಬ ಇದೆ.

ಅಧ್ಯಕ್ಷೆ_ನಾನೇ

ನಾನು ಎರಡು ಬಿಲ್ ತರುತ್ತೇನೆ. ಒಂದಕ್ಕೆ ನಾನೇ ಸಹಿ ಹಾಕಿದ್ದೇನೆ. ಏನಕ್ಕೆ ಹಾಕಿದೆ ಅಂತ ಅವತ್ತು ಗೊತ್ತಾದರೆ ಒಳ್ಳೆಯದು.

ರೆಕಾರ್ಡಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಲೈವ್ ಬೇಡ. ವಿಡಿಯೋ ಬೇಡ. ಒಂದು ಇಪ್ಪತ್ತು ಸೆಕೆಂಡಿನ ತುಣುಕು ಊರಿನ ಗುಂಪಿಗೆ ಹೋದರೆ ನಮ್ಮಂಥವರ ಕಥೆ ಮುಗಿಯಿತು. ಧ್ವನಿ ಮುದ್ರಣ ಮಾಡುವುದಾದರೂ ಕೋಣೆಯಲ್ಲಿದ್ದ ಎಲ್ಲರೂ ಒಪ್ಪಿದರೆ ಮಾತ್ರ. ಏನು ಮಾತಾಯಿತು ಅಂತ ಹೊರಗೆ ಹೇಳಲಿ, ಯಾರು ಹೇಳಿದರು ಅಂತ ಹೇಳುವುದು ಬೇಡ.

ರೈನ್_ತೀರ

ಹಾಗಾದರೆ ನನಗೆ ಕಳಿಸುವ ಮೊದಲು ಹೆಸರು ಬಂದ ಜಾಗ ತೆಗೆದು ಕಳಿಸಿ. ನನಗೂ ಗೊತ್ತಾಗುವುದು ಬೇಡ.

ಕೌನ್ಸಿಲರ್_ಇಲ್ಲದ_ವಾರ್ಡ್

ಕೇರಳದಲ್ಲಿ 1996ರ ಜನತಾ ಯೋಜನೆಯಲ್ಲೂ ಗ್ರಾಮ ಸಭೆಯನ್ನು ವಿಷಯವಾರು ಚಿಕ್ಕ ಗುಂಪು ಮಾಡಿ ಕೂರಿಸುತ್ತಿದ್ದರು. ದೊಡ್ಡ ಸಭೆಯಲ್ಲಿ ಬಾಯಿ ಬಿಡದವರು ಅಲ್ಲಿ ಮಾತಾಡುತ್ತಿದ್ದರು. ಅಂದರೆ ಈ ಐದು ಕೋಣೆಯ ಪದ್ಧತಿಯನ್ನು ಗ್ರಾಮ ಸಭೆಗೇ ತರಬಹುದು. ಇದರ ಮೇಲೆ ನಾನು ಒಂದು ಚೀಟಿ ಹಾಕುತ್ತೇನೆ. ಗಂಡಸು, ಹಾಗಾಗಿ ಎರಡನೇ ಅವಧಿಯಲ್ಲಿ.

ಬೆಣ್ಣೆದೋಸೆ

ಇಲ್ಲಿಯವರೆಗೆ ಆಗಿದ್ದು ಇಷ್ಟು. ಕೊಪ್ಪಳದಲ್ಲಿ ಒಂದು ದಿನದ್ದು ಮೊದಲು, ನಲವತ್ತು ಜನ, @ಜೋಳದ_ರೊಟ್ಟಿ ಶಾಲೆ ನೋಡುತ್ತಾರೆ. ದಾವಣಗೆರೆಯದು ಜನವರಿ ಕೊನೆ ವಾರ, ಮಧ್ಯದ ದಿನಗಳಲ್ಲಿ. ಪಂಚಾಯ್ತಿಗೆ ಇಬ್ಬರು, ಒಬ್ಬರು ಹೆಣ್ಣು. ಬೆಂಗಳೂರಿನವರು ಇಪ್ಪತ್ತು. ಮೊದಲ ಅವಧಿ ಹೆಣ್ಣುಮಕ್ಕಳದು. ವಿಡಿಯೋ ಇಲ್ಲ. ಘೋಷಣೆ ಇಲ್ಲ. ವಿದೇಶದ ಹಣ ಇಲ್ಲ. ಪೋಸ್ಟರ್‌ನಲ್ಲಿ ಯಾರ ಫೋಟೋವೂ ಇಲ್ಲ. ದಯವಿಟ್ಟು ಅನುಭವ ಮಂಟಪದ ಹೆಸರನ್ನೂ ಎಳೆದು ತರಬೇಡಿ. ಎಲ್ಲ ಸಮ್ಮೇಳನದವರೂ ಅದನ್ನೇ ಹಾಕಿ ಹಾಕಿ ಸವೆಸಿದ್ದಾರೆ.

ಉಳಿದಿರುವ ತಲೆನೋವು ಎರಡು. ಒಂದು, ಚುನಾವಣೆ ಘೋಷಣೆ ಆದರೆ ನೀತಿ ಸಂಹಿತೆ ಬರುತ್ತದೆ. ಸರ್ಕಾರಿ ಶಾಲೆ, ಸಮುದಾಯ ಭವನ ಯಾವುದೂ ಸಿಗುವುದಿಲ್ಲ. ಅರ್ಧ ಜನ ಅಭ್ಯರ್ಥಿಗಳೇ ಆಗಿರುತ್ತಾರೆ, ಬರುವುದೂ ಇಲ್ಲ. ಆದ್ದರಿಂದ ಖಾಸಗಿ ಕಲ್ಯಾಣ ಮಂಟಪ ಒಂದನ್ನು ಕಾಯ್ದಿರಿಸಬೇಕು. ಮದುವೆ ಸೀಸನ್ ಬೇರೆ. ಎರಡು, ಮಕ್ಕಳನ್ನು ನೋಡಿಕೊಳ್ಳುವವರು.

ಹಳೇ_ಮಂಡಲ

ಮಕ್ಕಳನ್ನು ನಾವು ಹಳಬರು ನೋಡಿಕೊಳ್ಳುತ್ತೇವೆ. ಮೂರು ಜನ ಇದ್ದೇವೆ. ನಮ್ಮ ಭಾಷಣ ಕೇಳುವ ವಯಸ್ಸು ಅವರದ್ದು ಮಾತ್ರ.

ಜೋಳದ_ರೊಟ್ಟಿ

ಶಾಲೆ ನೋಡಿದೆ. ಮುಖ್ಯ ಶಿಕ್ಷಕರು ಒಪ್ಪಿದ್ದಾರೆ, ಆದರೆ ಭಾನುವಾರ ಮಾತ್ರ ಕೊಡುತ್ತಾರಂತೆ. ಸಂಬಳದವರ ಲೆಕ್ಕವೇ ಗೆದ್ದಿತು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ನಮ್ಮ ಸಂಘದವರು ಮಾಡುತ್ತಾರೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯಿಂದ ಹೆಸರು ಬರುತ್ತಿವೆ. ಯಾದಗಿರಿ, ರಾಯಚೂರಿನಿಂದ ಇನ್ನೂ ಒಂದೂ ಇಲ್ಲ. ಆ ಕಡೆ ಗೊತ್ತಿರುವವರು ಇದ್ದರೆ ಲಿಂಕ್ ಕಳಿಸಬೇಡಿ, ಫೋನ್ ಮಾಡಿ ಹೇಳಿ.